ಕೆಮ್ಮುವವರನ್ನು ಆಚೆ ಕಳಿಸಿದರೆ ಕಾಯಿಲೆ ಆಚೆ ಹೋಗುತ್ತಾ?

ಪ್ರಶ್ನೆ: ಕುಶಾಲನಗರದ ಹತ್ತಿರ ನಾವು ಕೆಲವರು ಸೇರಿ ಮಳೆಗಾಲಕ್ಕೆಂದು ಒಂದು ತಂಗುದಾಣ ನಡೆಸುತ್ತಿದ್ದೇವೆ. ಹಳೆಯ ಕಾಫಿ ಗೋದಾಮು, ಸುಮಾರು ಸಾವಿರ ಚದರಡಿ ಇದೆ. ಬಸ್ ಸ್ಟ್ಯಾಂಡಿನಲ್ಲಿ, ಅಂಗಡಿ ಜಗಲಿಯಲ್ಲಿ ಮಲಗುತ್ತಿದ್ದವರು, ತೋಟದ ಕೆಲಸ ಬಿಟ್ಟು ಲೈನ್ ಮನೆ (ತೋಟದ ಕೂಲಿಯವರ ಸಾಲುಮನೆ) ಖಾಲಿ ಮಾಡಿದವರು, ಹೊಳೆ ನೀರು ನುಗ್ಗಿ ಮನೆ ಕಳೆದುಕೊಂಡ ಎರಡು ಕುಟುಂಬ, ಎಲ್ಲ ಸೇರಿ ಈಗ 40 ಜನ ಇದ್ದಾರೆ. ತಿಂಗಳಿಂದ ಕೆಮ್ಮುತ್ತಿದ್ದ ಒಬ್ಬ ಅಣ್ಣನಿಗೆ ಕಳೆದ ವಾರ ಟಿಬಿ ಅಂತ ಗೊತ್ತಾಯಿತು. ಮಾತ್ರೆ ಶುರುವಾಗಿದೆ. ಉಳಿದವರು ‘ಅವರನ್ನು ಕಳಿಸಿ, ಇಲ್ಲಾಂದ್ರೆ ನಾವೇ ಹೋಗ್ತೀವಿ’ ಅನ್ನುತ್ತಿದ್ದಾರೆ. ಇದರ ಜೊತೆಗೆ ಹತ್ತಾರು ಜನಕ್ಕೆ ತುರಿಕಜ್ಜಿ. ಕಟ್ಟಡದ ಯಜಮಾನರು ತಂಗುದಾಣ ಮುಚ್ಚಿಬಿಡಿ ಅನ್ನುತ್ತಿದ್ದಾರೆ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ಮೊದಲು ಒಂದು ಮಾತು. ಆ ಅಣ್ಣನನ್ನು ಕಳಿಸಬೇಡಿ.

ಕಳಿಸಿದರೆ ಅವರು ಎಲ್ಲಿಗೆ ಹೋಗುತ್ತಾರೆ ಯೋಚಿಸಿ. ಈ ಮಳೆಯಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಬಹುದು. ಇಲ್ಲವೇ ಪರಿಚಯದವರ ಲೈನ್ ಮನೆಗೆ, ಅಲ್ಲಿ ಒಂದೇ ಕೋಣೆಯಲ್ಲಿ ಆರೇಳು ಜನ ಮಲಗಿರುತ್ತಾರೆ. ಮಾತ್ರೆ ಕೊಡುವವರು ಅವರನ್ನು ಹುಡುಕುವುದು ಕಷ್ಟವಾಗುತ್ತದೆ. ಅರ್ಧಕ್ಕೆ ಮಾತ್ರೆ ನಿಂತರೆ ಕಾಯಿಲೆ ಮರಳಿ ಬರುತ್ತದೆ, ಕೆಲವೊಮ್ಮೆ ಮಾಮೂಲಿ ಮಾತ್ರೆಗೆ ಬಗ್ಗದ ರೂಪದಲ್ಲಿ ಬರುತ್ತದೆ. ಇನ್ನೊಂದು ನಷ್ಟ ನಿಮ್ಮ ಗೋದಾಮಿನ ಒಳಗೇ ಆಗುತ್ತದೆ. ಕೆಮ್ಮಿದವರನ್ನು ಆಚೆ ಹಾಕುತ್ತಾರೆ ಅಂತ ಉಳಿದ 39 ಜನಕ್ಕೆ ಗೊತ್ತಾಯಿತು ಅಂದುಕೊಳ್ಳಿ. ಮುಂದೆ ಕೆಮ್ಮು ಬಂದವರು ಕಂಬಳಿ ಮುಖಕ್ಕೆ ಒತ್ತಿಕೊಂಡು ಕೆಮ್ಮುತ್ತಾರೆ, ನಿಮಗೆ ಹೇಳುವುದಿಲ್ಲ. ತಂಗುದಾಣದಲ್ಲಿ ನನಗೆ ಜಾಸ್ತಿ ಹೆದರಿಕೆ ಇರುವುದು ಈ ಮುಚ್ಚಿಟ್ಟ ಕೆಮ್ಮಿನ ಬಗ್ಗೆ.

ಆ ಅಣ್ಣ ಒಂದು ತಿಂಗಳು ಕೆಮ್ಮುತ್ತಾ ಎಲ್ಲರ ನಡುವೆಯೇ ಮಲಗಿದ್ದರು. ಅವರಿಂದ ಸೋಂಕು ಹರಡುವುದಿದ್ದರೆ ಹೆಚ್ಚಿನದು ಆಗಲೇ ಹರಡಿ ಆಗಿದೆ. ಈಗ ಅವರ ಕಾಯಿಲೆ ಗೊತ್ತಾಗಿದೆ, ಔಷಧಿ ನಡೆಯುತ್ತಿದೆ. ಸರಿಯಾದ ಮಾತ್ರೆ ಹೊಟ್ಟೆಗೆ ಬಿದ್ದ ಮೇಲೆ ಸೋಂಕು ಹರಡುವ ಶಕ್ತಿ ಬೇಗ ಕುಗ್ಗುತ್ತದೆ. ಸಾಮಾನ್ಯವಾಗಿ ಎರಡು ವಾರ ಎಚ್ಚರಿಕೆಯಿಂದ ಇರಲು ಹೇಳುತ್ತೇವೆ. ಅಂದರೆ ಯಾರನ್ನು ಕಂಡು ಜನ ಹೆದರುತ್ತಿದ್ದಾರೋ ಅವರಿಂದ ಅಪಾಯ ದಿನೇ ದಿನೇ ಇಳಿಯುತ್ತಿದೆ. ಪರೀಕ್ಷೆಯೇ ಆಗದೆ ಪಕ್ಕದಲ್ಲಿ ಮಲಗಿರುವ ಇನ್ನೊಬ್ಬರಿಗೆ ಟಿಬಿ ಇದ್ದರೆ, ಅಲ್ಲಿ ಅಪಾಯ ಏರುತ್ತಿದೆ.

ಇದಕ್ಕೆ ನಮ್ಮ ದಕ್ಷಿಣದಲ್ಲೇ ಒಂದು ಒಳ್ಳೆಯ ಸಾಕ್ಷಿ ಇದೆ. 1956ರಲ್ಲಿ ಮದ್ರಾಸಿನಲ್ಲಿ ಒಂದು ಅಧ್ಯಯನ ಶುರುವಾಯಿತು. ಆಗ ಟಿಬಿ ಬಂದವರನ್ನು ಸ್ಯಾನಟೋರಿಯಮ್ಮಿಗೆ, ಅಂದರೆ ಟಿಬಿ ರೋಗಿಗಳಿಗೆಂದೇ ಇದ್ದ ಆಸ್ಪತ್ರೆಗೆ, ಸೇರಿಸಿ ದೂರ ಇಡಬೇಕು ಅನ್ನುವುದು ಎಲ್ಲರ ನಂಬಿಕೆಯಾಗಿತ್ತು. ಅಲ್ಲಿನ ವೈದ್ಯರು ಅರ್ಧದಷ್ಟು ರೋಗಿಗಳನ್ನು ಸ್ಯಾನಟೋರಿಯಮ್ಮಿನಲ್ಲಿ ಇಟ್ಟರು. ಉಳಿದವರಿಗೆ ಅವರವರ ಮನೆಯಲ್ಲೇ ಔಷಧಿ ಕೊಟ್ಟರು. ಮನೆಯಲ್ಲಿದ್ದವರು ಬಡವರು. ಇಕ್ಕಟ್ಟಾದ ಕೋಣೆ, ಸಾಲದ ಊಟ. ಆದರೂ ಎರಡೂ ಕಡೆಯವರು ಹೆಚ್ಚುಕಡಿಮೆ ಒಂದೇ ರೀತಿ ಗುಣವಾದರು. ಮನೆಮಂದಿಯನ್ನು 5 ವರ್ಷದವರೆಗೆ ಗಮನಿಸಿ ನೋಡಿದರೆ, ಮನೆಯಲ್ಲೇ ಔಷಧಿ ಪಡೆದವರ ಕುಟುಂಬಗಳಲ್ಲಿ ಟಿಬಿ ಜಾಸ್ತಿ ಆಗಿರಲಿಲ್ಲ. ಜಗತ್ತಿನಲ್ಲಿ ಟಿಬಿ ಸ್ಯಾನಟೋರಿಯಮ್ಮುಗಳು ಮುಚ್ಚಿದ್ದರಲ್ಲಿ ಈ ಅಧ್ಯಯನದ ಪಾಲು ದೊಡ್ಡದು. ನಿಮ್ಮಲ್ಲಿ ಜಗಳ ಆಡುತ್ತಿರುವವರಿಗೆ ಇದನ್ನೇ ಹೇಳಿ. ದೂರ ಇಟ್ಟಿದ್ದು ಅವರನ್ನು ಕಾಪಾಡಲಿಲ್ಲ, ಮಾತ್ರೆ ಕಾಪಾಡಿತು.

ಹಾಗಂತ ಏನೂ ಮಾಡಬೇಡಿ ಅಂತ ಅಲ್ಲ. ಈ ಎರಡು ವಾರ ರಾತ್ರಿ ಅವರನ್ನು ಗೋದಾಮಿನ ಒಳಗೆ ಮಲಗಿಸಬೇಡಿ. ಗೋದಾಮಿಗೆ ಸೋಗೆಯೋ ಶೀಟೋ ಇಳಿಸಿದ ಜಗಲಿ ಇದ್ದರೆ, ಎರಚಲು ಬಾರದ ಕಡೆ ಒಂದು ಮಂಚ, ಎರಡು ಕಂಬಳಿ, ಪಕ್ಕಕ್ಕೆ ಒಂದು ಟಾರ್ಪಾಲಿನ ಮರೆ ಸಾಕು. ಒಂದು ಕಡೆ ತೆರೆದೇ ಇರಲಿ. ಒಳಗೆ ಬಂದಾಗ ಮಾಸ್ಕ್ ಹಾಕಿಕೊಳ್ಳಲಿ. ಊಟ ಎಲ್ಲರ ಜೊತೆಯೇ ಮಾಡಲಿ, ಆದರೆ ಜಗಲಿಯಲ್ಲಿ. ಟಿಬಿ ತಟ್ಟೆ ಲೋಟದಿಂದ ಬರುವುದಿಲ್ಲ. ಬಟ್ಟೆಯಿಂದ, ಮುಟ್ಟಿದ್ದರಿಂದ, ಒಂದೇ ಕಕ್ಕಸು ಬಳಸಿದ್ದರಿಂದಲೂ ಬರುವುದಿಲ್ಲ. ಕೆಮ್ಮಿದಾಗ, ಮಾತಾಡಿದಾಗ, ಹಾಡಿದಾಗ ಬರುವ ಅತಿ ಸಣ್ಣ ಹನಿಗಳು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಆ ಗಾಳಿಯನ್ನು ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಂದ ರಾತ್ರಿಗೆ ಎಳೆದುಕೊಂಡವರಿಗೆ ಸೋಂಕು ತಗಲುತ್ತದೆ. ಆದ್ದರಿಂದ ಅವರ ತಟ್ಟೆಯನ್ನು ಬೇರೆ ಇಡುವುದು ಬರೀ ಅವಮಾನ, ಅದರಿಂದ ಯಾರಿಗೂ ರಕ್ಷಣೆ ಇಲ್ಲ. ಗೋದಾಮಿನ ಸುತ್ತ ಬ್ಲೀಚಿಂಗ್ ಪೌಡರ್ ಚೆಲ್ಲುವುದರಿಂದಲೂ ಇಲ್ಲ.

ಈಗ ಕೋಣೆಗೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಟಿಬಿ ಅಲ್ಲ, ಸಾವಿರ ಚದರಡಿಗೆ 40 ಜನ ಅನ್ನುವ ಲೆಕ್ಕ. ತಲೆಗೆ 25 ಚದರಡಿ ಆಯಿತು. ನಗರಗಳ ವಸತಿರಹಿತರ ತಂಗುದಾಣಗಳಿಗೆ ಕೇಂದ್ರ ಸರ್ಕಾರ ಹಾಕಿರುವ ಕನಿಷ್ಠ ಅಳತೆ ತಲೆಗೆ 50 ಚದರಡಿ. ಆ ಲೆಕ್ಕದಲ್ಲಿ ನಿಮ್ಮ ಗೋದಾಮು 20 ಜನಕ್ಕೆ ಸರಿ. ಒಬ್ಬರನ್ನು ಆಚೆ ಕಳಿಸಿದರೆ 39 ಆಗುತ್ತದೆ, ಅಷ್ಟೇ. ನಿಮಗೆ ಬೇಕಾಗಿರುವುದು ಇನ್ನೊಂದು ಜಾಗ. ಆ ಅಳತೆ ಹಾಕಿದ ಕೇಂದ್ರದ ಯೋಜನೆಯಲ್ಲಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ತಂಗುದಾಣ ಅನ್ನುವ ಲೆಕ್ಕ ಇತ್ತು. 2011ರ ಜನಗಣತಿಯಲ್ಲಿ ಮಡಿಕೇರಿ ಪಟ್ಟಣದಲ್ಲಿ ಇದ್ದದ್ದು 33 ಸಾವಿರ ಚಿಲ್ಲರೆ ಜನ. ನಮ್ಮಂಥ ಸಣ್ಣ ಪಟ್ಟಣಗಳ ಜಿಲ್ಲೆಗೆ ಆ ಲೆಕ್ಕ ಹೊಂದುವುದೇ ಇಲ್ಲ. ಇಲ್ಲಿ ಮನೆ ಇಲ್ಲದವರು ಜಗಲಿಗಳಲ್ಲಿ, ಬಿದ್ದ ಲೈನ್ ಮನೆಗಳಲ್ಲಿ ಚದುರಿ ಹೋಗಿರುತ್ತಾರೆ, ಮಳೆ ಜೋರಾದಾಗ ಒಂದೇ ಸಲ ಒಂದು ಕಡೆ ತುಂಬುತ್ತಾರೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಶಾಲೆ, ಕಲ್ಯಾಣ ಮಂಟಪ ಎಲ್ಲ ರಾತ್ರೋರಾತ್ರಿ ಪರಿಹಾರ ಕೇಂದ್ರ ಆಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಮರುವರ್ಷ ಕಾವೇರಿ ಉಕ್ಕಿದಾಗ ಕರಡಿಗೋಡು, ನೆಲ್ಯಹುದಿಕೇರಿಯವರಿಗೂ ಅದೇ ಪಾಡು. ಆಗ ಜಾಗ ಕೊಟ್ಟ ಊರು ಈಗಲೂ ಕೊಡುತ್ತದೆ. ಪುರಸಭೆಯನ್ನು ಕೇಳಿ, ತಹಸೀಲ್ದಾರರನ್ನು ಕೇಳಿ, ಸಮಾಜದ ಸಭಾಭವನದವರನ್ನು ಕೇಳಿ. ಕೇಳುವಾಗ ‘ನಮ್ಮಲ್ಲಿ ಟಿಬಿ ಬಂದಿದೆ’ ಅನ್ನಬೇಡಿ, ‘20 ಜನರ ಜಾಗದಲ್ಲಿ 40 ಜನ ಇದ್ದಾರೆ’ ಅನ್ನಿ. ನಿಜವೂ ಅದೇ.

ಜಾಗ ಸಿಗುವ ತನಕ ಇರುವ ಜಾಗದಲ್ಲೇ ಹಾಸಿಗೆ ಬದಲಿಸಿ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕೇಟರಹ್ಯಾಮ್ ಸೇನಾ ಬಿಡಾರದಲ್ಲಿ ಮಿದುಳು ಪೊರೆಯ ಜ್ವರ ಹರಡುತ್ತಿತ್ತು. ಗ್ಲೋವರ್ ಅನ್ನುವ ವೈದ್ಯರು ಮಂಚಗಳ ನಡುವಿನ ಅಂತರವನ್ನೇ ಅಳೆದರು. ಮಂಚಗಳ ನಡುವೆ ಒಂದಡಿಯೂ ಇಲ್ಲದಾಗ ಗಂಟಲಲ್ಲಿ ರೋಗಾಣು ಹೊತ್ತವರು ತುಂಬ ಹೆಚ್ಚಿದ್ದರು. ಎರಡೂವರೆ ಅಡಿ ಬಿಟ್ಟ ಮೇಲೆ ಅವರ ಸಂಖ್ಯೆ ಚೆನ್ನಾಗಿ ಇಳಿಯಿತು. ನಿಮ್ಮಲ್ಲಿ ಮೂರಡಿ ಬಿಡಲು ಆಗುತ್ತದೆಯೇ ನೋಡಿ. ಆಗದಿದ್ದರೆ ಒಬ್ಬರ ತಲೆ ಗೋಡೆ ಕಡೆ ಇದ್ದರೆ ಪಕ್ಕದವರ ಕಾಲು ಗೋಡೆ ಕಡೆ ಬರಲಿ. ಸಾಲಿನುದ್ದಕ್ಕೂ ಹೀಗೆ ತಿರುಗುಮುರುಗು ಮಲಗಿದರೆ ಮುಖಕ್ಕೂ ಮುಖಕ್ಕೂ ನಡುವೆ ದೂರ ಆಗುತ್ತದೆ. ಫ್ಲೂ, ಕೋವಿಡ್ ತರಹದ ಕಾಯಿಲೆಗೂ ಇದು ಉಪಯೋಗ. ಖರ್ಚು ಒಂದು ಪೈಸೆ ಇಲ್ಲ.

ಆದರೆ ಟಿಬಿಯ ಸಣ್ಣ ಹನಿಗಳು ಇಡೀ ಗೋದಾಮಿನಲ್ಲಿ ತೇಲುತ್ತವೆ. ಅವಕ್ಕೆ ಗಾಳಿ ಬದಲಾಗಲೇಬೇಕು. ಕೊಡಗಿನ ಮಳೆಗಾಲದಲ್ಲಿ ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ ಅಂತ ನನಗೂ ಗೊತ್ತು. ಜುಲೈ ರಾತ್ರಿಯಲ್ಲಿ ಕಿಟಕಿ ತೆಗೆಯಿರಿ ಅಂದರೆ ಯಾರು ಕೇಳುತ್ತಾರೆ? ಎರಚಲು ಹೊಡೆಯುತ್ತದೆ, ಮಂಜು ಒಳಗೆ ಬರುತ್ತದೆ, ಹಾಸಿಗೆಯೆಲ್ಲ ಒದ್ದೆ. ಆದ್ದರಿಂದ ಎಲ್ಲ ಕಿಟಕಿ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಮಳೆ ಹೊಡೆಯುವ ಬದಿಯಲ್ಲಿ ಮೇಲಿನ ಗವಾಕ್ಷಿಗಳಿಗೆ ಹೊರಗಿನಿಂದ ಒಂದೂವರೆ ಎರಡಡಿ ಶೀಟ್ ಇಳಿಸಿ, ಅವನ್ನು ಸದಾ ತೆರೆದಿಡಿ. ಎದುರು ಬದಿಯ ಕಿಟಕಿಗಳನ್ನು ಸೊಳ್ಳೆ ಜಾಲರಿ ಹಾಕಿ ತೆರೆದಿಡಿ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಬೇಕು, ಒಂದೇ ಬದಿ ತೆಗೆದರೆ ಸಾಲದು. ಚಳಿಗೆ ಕಂಬಳಿ ಕೊಡಿ. ಕಂಬಳಿಗೆ ಹಾಕಿದ ದುಡ್ಡು ಕಿಟಕಿ ತೆರೆದಿಡುವುದಕ್ಕೆ ಹಾಕಿದ ದುಡ್ಡು ಅಂತಲೇ ತಿಳಿಯಿರಿ.

ಪೆರುವಿನ ಲಿಮಾ ನಗರದಲ್ಲಿ ಆಸ್ಪತ್ರೆಗಳ ಗಾಳಿ ಅಳೆದಾಗ, ಎತ್ತರದ ಛಾವಣಿ, ದೊಡ್ಡ ಕಿಟಕಿಯ ಹಳೆಯ ವಾರ್ಡುಗಳಲ್ಲಿ ಕಿಟಕಿ ಬಾಗಿಲು ತೆಗೆದಾಗ ಗಂಟೆಗೆ ಸುಮಾರು 40 ಸಲ ಗಾಳಿ ಬದಲಾಗುತ್ತಿತ್ತು. ಗಾಳಿ ಬದಲಿಸುವ ಯಂತ್ರ ಹಾಕಿದ ಕೋಣೆಗಳಲ್ಲಿ ಅದು 12 ಸಲ. 2007ರಲ್ಲಿ ಪ್ರಕಟವಾದ ಅಧ್ಯಯನ ಅದು. ಹಳೆಯ ಕಾಫಿ ಗೋದಾಮಿಗೆ ಎತ್ತರದ ಮಾಡು ಇರುತ್ತದೆ, ಹೆಂಚಾಗಿದ್ದರೆ ಸಂದುಗಳಲ್ಲೂ ಗಾಳಿ ಆಡುತ್ತದೆ. ತಗ್ಗು ಸೀಲಿಂಗಿನ ಆರ್‌ಸಿಸಿ ಹಾಲಿಗಿಂತ ನಿಮ್ಮದು ಎಷ್ಟೋ ವಾಸಿ. ದಯವಿಟ್ಟು ಬೆಚ್ಚಗಿರಲಿ ಅಂತ ಒಳಗಿನಿಂದ ಪ್ಲಾಸ್ಟಿಕ್ ಹೊದೆಸಿ ಆ ಲಾಭ ಕಳೆದುಕೊಳ್ಳಬೇಡಿ. ಸ್ವಲ್ಪ ಹಣ ಇದ್ದರೆ ಇಂಗಾಲದ ಡೈಆಕ್ಸೈಡ್ ಅಳೆಯುವ ಸಣ್ಣ ಮೀಟರ್ ಒಂದು ತಗೊಳ್ಳಿ. ಹೊರಗಿನ ಗಾಳಿಯಲ್ಲಿ ಅದು 420ರ ಆಸುಪಾಸು ತೋರಿಸುತ್ತದೆ. ಎಲ್ಲರೂ ಮಲಗಿದ ಮೇಲೆ ನಡುರಾತ್ರಿ ಒಳಗೆ ಸಾವಿರ ದಾಟಿದ್ದರೆ ಒಬ್ಬರ ಉಸಿರನ್ನು ಇನ್ನೊಬ್ಬರು ಉಸಿರಾಡುತ್ತಿದ್ದಾರೆ ಅಂತ ಅರ್ಥ. ಇನ್ನೊಂದು ಕಿಟಕಿ ತೆಗೆಯಿರಿ.

ಚಳಿ ಅಂತ ಕೆಂಡದ ಬಾಣಲೆ ಒಳಗೆ ತರಲು ಮಾತ್ರ ಬಿಡಬೇಡಿ. ಮುಚ್ಚಿದ ಜಾಗದಲ್ಲಿ ಕೆಂಡದಿಂದ ವಿಷಾನಿಲ ತುಂಬುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಮಲಗಿದವರು ಏಳುವುದೇ ಇಲ್ಲ.

ಇನ್ನು ಪರೀಕ್ಷೆ. ಉಳಿದ 39 ಜನರನ್ನೂ ನೋಡಬೇಕು. ಕೆಮ್ಮು ಇದೆಯಾ ಅಂತ ಕೇಳಿ ಬಿಟ್ಟರೆ ಸಾಲದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಟಿಬಿ ಸಮೀಕ್ಷೆಯಲ್ಲಿ, ಎದೆಯ ಎಕ್ಸ್‌ರೇ ತೆಗೆಯದೆ ಬರೀ ಲಕ್ಷಣ ಕೇಳಿದ್ದರೆ ಟಿಬಿ ಇದ್ದವರಲ್ಲಿ 42 ಶೇಕಡಕ್ಕೂ ಹೆಚ್ಚು ಜನ ಕೈತಪ್ಪಿ ಹೋಗುತ್ತಿದ್ದರು. ಆದ್ದರಿಂದ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಬರೆದು ಕೊಡಿ. ಎಲ್ಲರಿಗೂ ಎಕ್ಸ್‌ರೇ ಬೇಕು, ಸಂಶಯ ಬಂದವರಿಗೆ ಕಫದ ಪರೀಕ್ಷೆ ಬೇಕು. ಈಗ ಕೈಯಲ್ಲಿ ಹಿಡಿದು ತರುವ ಎಕ್ಸ್‌ರೇ ಯಂತ್ರಗಳು ಟಿಬಿ ಅಭಿಯಾನಕ್ಕೆ ಬಂದಿವೆ, ಅದು ನಿಮ್ಮ ಕಡೆ ಬರುವಂತೆ ಕೇಳಿ. ಒಂದೇ ಕೋಣೆಯಲ್ಲಿ ಮಲಗಿದವರು ಮನೆಯವರಿಗೆ ಸಮ. ಅವರಲ್ಲಿ ಕಾಯಿಲೆ ಇಲ್ಲ ಅಂತ ಖಚಿತವಾದವರಿಗೆ, ಮುಂದೆ ಬಾರದಂತೆ ತಡೆಯುವ ಔಷಧಿ ಇದೆ. ವೈದ್ಯರು ನೋಡಿ ಕೊಡುತ್ತಾರೆ. ಆ ಎರಡು ಕುಟುಂಬದಲ್ಲಿ 5 ವರ್ಷದೊಳಗಿನ ಮಕ್ಕಳಿದ್ದರೆ ನಾಳೆಯೇ ಕರೆದುಕೊಂಡು ಹೋಗಿ, ತಡ ಮಾಡಬೇಡಿ. ಸಕ್ಕರೆ ಕಾಯಿಲೆ ಇರುವವರು, ಎಚ್‌ಐವಿ ಇರುವವರು, ತೀರಾ ಬಡಕಲಾದವರು ಆಮೇಲಿನ ಸಾಲು.

ಬಡಕಲು ಅಂದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಸೋಂಕು ತಗಲಿದ ಎಲ್ಲರಿಗೂ ಟಿಬಿ ಕಾಯಿಲೆ ಬರುವುದಿಲ್ಲ. ಆರೋಗ್ಯವಂತರಲ್ಲಿ ನೂರಕ್ಕೆ ಐದರಿಂದ ಹತ್ತು ಜನಕ್ಕೆ ಜೀವಮಾನದಲ್ಲಿ ಎಂದಾದರೂ ಬರಬಹುದು. ಹಸಿದ ಮೈಯಲ್ಲಿ ಈ ಲೆಕ್ಕ ಏರುತ್ತದೆ. ಪಕ್ಕದ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡಿನಲ್ಲಿ 2,800 ರೋಗಿಗಳ ಮನೆಗಳಲ್ಲಿ ಇದನ್ನು ಪರೀಕ್ಷಿಸಿತು. ಕೆಲವು ಮನೆಗಳ ಸದಸ್ಯರಿಗೂ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ವಿಟಮಿನ್ ಮಾತ್ರೆ ಕೊಟ್ಟರು. ಹೀಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿಬಿ ಬಂದವರು ಸುಮಾರು 40 ಶೇಕಡ ಕಡಿಮೆ. 2023ರಲ್ಲಿ ಈ ಫಲಿತಾಂಶ ಬಂತು. ನನ್ನ ಮಟ್ಟಿಗೆ ಈಚಿನ ವರ್ಷಗಳಲ್ಲಿ ಟಿಬಿ ಬಗ್ಗೆ ಬಂದ ಅತಿ ದೊಡ್ಡ ಸುದ್ದಿ ಇದು. ಅಕ್ಕಿ ಬೇಳೆ ಕೂಡ ತಡೆ ಔಷಧಿ! ನಿಮ್ಮಲ್ಲಿ ರಾತ್ರಿ ಬರೀ ಗಂಜಿ ಹಾಕುತ್ತಿದ್ದರೆ ಅದಕ್ಕೆ ಬೇಳೆ ಸೇರಿಸಿ, ವಾರಕ್ಕೆ ಮೂರ್ನಾಲ್ಕು ಮೊಟ್ಟೆ ಕೊಡಿ. ಆ ಅಣ್ಣನಿಗೆ ಸರ್ಕಾರದಿಂದ ನಿಕ್ಷಯ್ ಪೋಷಣೆಯ, ಅಂದರೆ ಟಿಬಿ ರೋಗಿಗಳ ಊಟದ ಖರ್ಚಿನ, ಹಣ ತಿಂಗಳಿಗೆ ಸಾವಿರ ರೂಪಾಯಿ ಬರಬೇಕು. 2024ರ ನವೆಂಬರ್‌ಗೆ ಮುಂಚೆ 500 ಇತ್ತು. ಬ್ಯಾಂಕ್ ಖಾತೆ ಇಲ್ಲ ಅಂತ ಅದು ನಿಂತಿರಬಹುದು. ಖಾತೆ ಮಾಡಿಸಿಕೊಡುವುದು ನಿಮ್ಮ ಕೆಲಸ ಅಂತ ಇಟ್ಟುಕೊಳ್ಳಿ. ನಿಕ್ಷಯ್ ಮಿತ್ರ ಆಗಿ ರೋಗಿಗೆ ದಿನಸಿ ಕೊಡಲು ಯಾವ ತೋಟದವರಾದರೂ ಮುಂದೆ ಬರಬಹುದು, ಕೇಳಿ ನೋಡಿ.

ಆ ಅಣ್ಣನಿಗೆ ಕುಡಿತ ಇದೆಯೋ ಏನೋ ನೀವು ಬರೆದಿಲ್ಲ. ಇದ್ದರೆ ವೈದ್ಯರಿಗೆ ಮೊದಲೇ ಹೇಳಿ, ಈ ಮಾತ್ರೆ ಮತ್ತು ಹೆಂಡ ಎರಡೂ ಯಕೃತ್ತಿಗೆ ಭಾರ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ತೋರಿಸಿ. ಮೂತ್ರ ಕಿತ್ತಳೆ ಬಣ್ಣ ಆದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಇದನ್ನು ಯಾರೂ ಹೇಳದೆ ಎಷ್ಟೋ ಜನ ರಕ್ತ ಹೋಗುತ್ತಿದೆ ಅಂತ ಗಾಬರಿಯಾಗಿ ಮಾತ್ರೆ ಬಿಡುತ್ತಾರೆ.

ತುರಿಕಜ್ಜಿಗೆ ಬರೋಣ. ಇದು ಚರ್ಮದೊಳಗೆ ಬಿಲ ತೋಡುವ ಸಣ್ಣ ಹುಳು. ಬೆರಳ ಸಂದು, ಮಣಿಕಟ್ಟು, ಸೊಂಟ, ತೊಡೆಸಂದಿನಲ್ಲಿ ಗುಳ್ಳೆ, ರಾತ್ರಿ ಜೋರು ತುರಿಕೆ. ತಂಗುದಾಣಗಳಲ್ಲಿ ಇದು ಹೋಗದೆ ಉಳಿಯುವುದಕ್ಕೆ ಒಂದೇ ಕಾರಣ. ತುರಿಸುವವರಿಗೆ ಮಾತ್ರ ಮದ್ದು ಹಚ್ಚುತ್ತಾರೆ. ಮೊದಲ ಸಲ ಹುಳು ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಅವರು ತಮಗೇ ಗೊತ್ತಿಲ್ಲದೆ ಹಂಚುತ್ತಿರುತ್ತಾರೆ. ಆದ್ದರಿಂದ 40 ಜನಕ್ಕೂ, ಅಡುಗೆಯವರಿಗೂ, ನಿಮಗೂ ಒಂದೇ ರಾತ್ರಿ. ಪರ್ಮೆಥ್ರಿನ್ 5 ಶೇಕಡ ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಸಂದೂ ಬಿಡದೆ ಹಚ್ಚಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಸ್ನಾನ. ವಾರ ಬಿಟ್ಟು ಇನ್ನೊಂದು ಸಲ. ಇಷ್ಟು ಜನಕ್ಕೆ ಮುಲಾಮು ಕಷ್ಟವಾದರೆ ಐವರ್‌ಮೆಕ್ಟಿನ್ ಮಾತ್ರೆ ಇದೆ, ಆದರೆ ಬಸುರಿಯರಿಗೆ ಮತ್ತು 15 ಕಿಲೋ ತೂಕದೊಳಗಿನ ಮಕ್ಕಳಿಗೆ ಅಲ್ಲ. ವೈದ್ಯರು ತೂಕ ನೋಡಿಯೇ ಕೊಡಬೇಕು. ಫಿಜಿ ದ್ವೀಪಗಳಲ್ಲಿ ತುರಿಕೆ ಇದ್ದವರು ಇಲ್ಲದವರು ಅಂತ ನೋಡದೆ ಊರಿಗೆ ಊರೇ ಈ ಮಾತ್ರೆ ಕೊಟ್ಟಾಗ, ನೂರರಲ್ಲಿ 32 ಜನಕ್ಕಿದ್ದ ಕಜ್ಜಿ ವರ್ಷದಲ್ಲಿ 2ಕ್ಕೆ ಇಳಿಯಿತು.

ಬಟ್ಟೆ ಹಾಸಿಗೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ ಅಂತ ಎಲ್ಲ ಕಡೆ ಬರೆದಿರುತ್ತದೆ. ಜುಲೈನಲ್ಲಿ ಬಿಸಿಲು ಎಲ್ಲಿಂದ ತರುವುದು! ಅಡುಗೆ ಒಲೆಯ ಮೇಲೆ ಹಗ್ಗ ಕಟ್ಟಿ 40 ಕಂಬಳಿ ಒಣಗಿಸಲು ಆಗುವುದಿಲ್ಲ. ಬೇರೆ ದಾರಿ ಇದೆ. ಈ ಹುಳು ಮನುಷ್ಯರ ಮೈ ಬಿಟ್ಟರೆ ಎರಡು ಮೂರು ದಿನಕ್ಕಿಂತ ಬದುಕುವುದು ಕಡಿಮೆ. ಮದ್ದು ಹಚ್ಚಿದ ಬೆಳಿಗ್ಗೆ ಹಳೆಯ ಬಟ್ಟೆ, ಕಂಬಳಿ ಎಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ. ತೇವ, ಚಳಿಯಲ್ಲಿ ಹುಳು ಸ್ವಲ್ಪ ಜಾಸ್ತಿ ಬಾಳುತ್ತದೆ, ಅದಕ್ಕೇ ವಾರ ಅನ್ನುತ್ತಿದ್ದೇನೆ. ಆ ಒಂದು ವಾರಕ್ಕೆ ಬದಲಿ ಬಟ್ಟೆ, ಕಂಬಳಿ ಮೊದಲೇ ಹೊಂದಿಸಿಕೊಳ್ಳಿ. ಮದ್ದಾದ ಮೇಲೂ ಎರಡು ಮೂರು ವಾರ ತುರಿಕೆ ಉಳಿಯಬಹುದು. ಹೊಸ ಗುಳ್ಳೆ ಏಳದಿದ್ದರೆ ಮತ್ತೆ ಮತ್ತೆ ಹಚ್ಚಬೇಡಿ.

ಉಳಿದವನ್ನು ಬೇಗ ಹೇಳುತ್ತೇನೆ. ಕುಡಿಯುವ ನೀರು ಕುದಿಸಿದ್ದೇ ಇರಲಿ. ಕಕ್ಕಸಿನ ಪಕ್ಕ ಸೋಪು, ನೀರು ಯಾವಾಗಲೂ ಇರಲಿ. ಕೆಲವು ವಾಂತಿಭೇದಿ ವೈರಸ್ಸುಗಳು ಸ್ಯಾನಿಟೈಸರಿಗೆ ಬಗ್ಗುವುದಿಲ್ಲ, ಸೋಪೇ ಬೇಕು. ರಾತ್ರಿ ಕಕ್ಕಸಿಗೆ ಬೀಗ ಹಾಕಬೇಡಿ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಮನೆ ಇಲ್ಲದವರಿಗೆ ಕಕ್ಕಸು, ಕೈ ತೊಳೆಯುವ ಜಾಗ ಸಾಲದೆ 2016ರಿಂದ 2018ರ ನಡುವೆ ಹೆಪಟೈಟಿಸ್ ಎ ಹರಡಿ ಸುಮಾರು 590 ಜನಕ್ಕೆ ಕಾಯಿಲೆಯಾಯಿತು, 20 ಜನ ತೀರಿಕೊಂಡರು. ಶ್ರೀಮಂತ ಊರದು. ಬೇದಿ ಆದವರು, ಬೇದಿ ನಿಂತು ಎರಡು ದಿನ ಆಗುವ ತನಕ ಅಡುಗೆಗೆ ಕೈ ಹಾಕಬಾರದು. ಗೋದಾಮಿನಲ್ಲಿ ಇಲಿ ಇರುತ್ತದೆ, ಹೊಳೆ ನೀರು ನುಗ್ಗಿದ ಮನೆಯ ಕೆಸರು ತೆಗೆಯಲು ಹೋದವರಿಗೆ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಬಂದರೆ ಇಲಿ ಜ್ವರ ಇರಬಹುದು. ಪ್ಯಾರಾಸಿಟಮಾಲ್ ಕೊಟ್ಟು ಸುಮ್ನೆ ಕೂರಬೇಡಿ.

ಫ್ಲೂ, ಕೋವಿಡ್ ತರಹದ್ದು ಬಂದರೆ ಜ್ವರ ನೋಡಿ ಜನರನ್ನು ಆರಿಸಲು ಹೋಗಬೇಡಿ. 2020ರ ಏಪ್ರಿಲಿನಲ್ಲಿ ಬಾಸ್ಟನ್ನಿನ ಒಂದು ದೊಡ್ಡ ತಂಗುದಾಣದಲ್ಲಿ 408 ಜನರನ್ನು ಪರೀಕ್ಷಿಸಿದಾಗ 147 ಜನಕ್ಕೆ ಕೋವಿಡ್ ಇತ್ತು, ಅವರಲ್ಲಿ ಬಹುಪಾಲು ಜನಕ್ಕೆ ಲಕ್ಷಣವೇ ಇರಲಿಲ್ಲ. ಯಾರು ರೋಗಿ ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ಗಾಳಿ, ಅಂತರ, ಸೋಪು ಎಲ್ಲರಿಗೂ, ಎಲ್ಲ ದಿನವೂ.

‘ನಾವೇ ಹೋಗ್ತೀವಿ’ ಅನ್ನುವವರ ಮೇಲೆ ಸಿಟ್ಟು ಮಾಡಬೇಡಿ. ಅವರಿಗೂ ಮಕ್ಕಳಿವೆ. ಟಿಬಿ ವಿಭಾಗದ ಸಿಬ್ಬಂದಿಯನ್ನೋ ಆಶಾ ಅಕ್ಕನನ್ನೋ ಸಂಜೆ ಹೊತ್ತು ಕರೆಸಿ ಮಾತಾಡಿಸಿ. ಎಕ್ಸ್‌ರೇ ದಿನ ನಿಗದಿ ಆದರೆ ಅರ್ಧ ಹೆದರಿಕೆ ಇಳಿಯುತ್ತದೆ. ಆ ಅಣ್ಣನ ಎದುರೇ ಮಾತಾಡುವುದಾದರೆ ಅವರ ಒಪ್ಪಿಗೆ ಕೇಳಿ. ಯಜಮಾನರಿಗೂ ಹೇಳಿ, ತಂಗುದಾಣ ಮುಚ್ಚಿದರೆ 40 ಜನ ಪರೀಕ್ಷೆ ಇಲ್ಲದೆ ಅದೇ ಊರಿನಲ್ಲಿ, ಅದೇ ಸಂತೆ, ಅದೇ ಬಸ್ಸುಗಳಲ್ಲಿ ಇರುತ್ತಾರೆ.

ಕೊನೆಯದಾಗಿ ಡಿಸೆಂಬರ್ ಬಗ್ಗೆ ಈಗಲೇ ಯೋಚಿಸಿ. ಆ ಅಣ್ಣನ ಮಾತ್ರೆ 6 ತಿಂಗಳು. ಅಷ್ಟರಲ್ಲಿ ಕಾಫಿ ಕುಯ್ಲು ಶುರುವಾಗುತ್ತದೆ. ಅವರು ಸಿದ್ದಾಪುರಕ್ಕೋ ಪೊನ್ನಂಪೇಟೆ ಕಡೆಗೋ ಕೆಲಸಕ್ಕೆ ಹೋಗುತ್ತಾರೆ, ಮೈ ಹುಷಾರಾಗಿರುವುದರಿಂದ ಮಾತ್ರೆ ಮರೆಯುತ್ತಾರೆ. ಅವರ ನಿಕ್ಷಯ್ ಸಂಖ್ಯೆಯನ್ನು, ಅಂದರೆ ಸರ್ಕಾರದ ಟಿಬಿ ದಾಖಲೆಯಲ್ಲಿರುವ ಅವರ ನಂಬರನ್ನು, ಒಂದು ಕಾರ್ಡಿನಲ್ಲಿ ಬರೆದು ಪ್ಲಾಸ್ಟಿಕ್ ಹಾಕಿಸಿ ಕೊಡಿ. ಅದೇ ಸಂಖ್ಯೆ ದೇಶದ ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ನಡೆಯುತ್ತದೆ. ಹೊರಡುವ ಮುಂಚೆ ಇಲ್ಲಿನ ಆರೋಗ್ಯ ಕೇಂದ್ರದವರು ಅವರನ್ನು ಹೊಸ ಜಾಗದ ಕೇಂದ್ರಕ್ಕೆ ವರ್ಗಾಯಿಸಬೇಕು. ಒಂದು ತಿಂಗಳ ಮಾತ್ರೆ ಕೈಯಲ್ಲಿ ಕೊಟ್ಟು ಕಳಿಸಲಿ. ತೊಂದರೆಯಾದರೆ 1800-11-6666 ಟಿಬಿ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಆ ನಂಬರನ್ನೂ ಕಾರ್ಡಿನ ಹಿಂದೆ ಬರೆದುಬಿಡಿ.